ಡೆಟ್ ನಡುವೆ ಬಿ ಯಾಕೆ ಬಂತು?

ಹಾವೇರಿಯ ಓದುಗರೊಬ್ಬರು ಕೇಳಿದ್ದಾರೆ: ‘ಮಗಳು ಇಂಗ್ಲಿಷ್ ಉಕ್ತಲೇಖನದಲ್ಲಿ ನೀ (ಮಂಡಿ), ಡೆಟ್, ಐಲ್ಯಾಂಡ್ ಮೂರನ್ನೂ ಕಿವಿಗೆ ಕೇಳಿದ ಹಾಗೆ ಬರೆದು ಅಂಕ ಕಳೆದುಕೊಂಡಳು. ಹಿಂದೆ ಎಲ್ಲ ಅಕ್ಷರವನ್ನೂ ಉಚ್ಚರಿಸುತ್ತಿದ್ದರು ಅಂತ ಅವಳ ಮೇಷ್ಟ್ರು ಹೇಳುತ್ತಾರೆ. ನಿಜವೇ?’

ಮಂಡಿಯ ಮಟ್ಟಿಗೆ ಮೇಷ್ಟ್ರು ಹೇಳಿದ್ದು ನಿಜ. ನೀ ಪದದ ಮೊದಲಿನ ಕೆ ಹಳೆಯ ಇಂಗ್ಲಿಷ್‌ನಲ್ಲಿ ಬಾಯಲ್ಲೂ ಇತ್ತು. ಜರ್ಮನ್ನರು ಇವತ್ತಿಗೂ ‘ಕ್ನೀ’ ಅನ್ನುತ್ತಾರೆ. ಇಂಗ್ಲಿಷರು ಅದನ್ನು ಬಿಟ್ಟಿದ್ದು ಸುಮಾರು 17ನೇ ಶತಮಾನದಲ್ಲಿ. ಆದರೆ 1476ರಲ್ಲೇ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಮುದ್ರಣಾಲಯ ತೆರೆದಿದ್ದ. ಕೆ ಬಾಯಿಂದ ಹೋಗುವಷ್ಟರಲ್ಲಿ ಅಚ್ಚಿನಲ್ಲಿ ಗಟ್ಟಿಯಾಗಿ ಕೂತಾಗಿತ್ತು.

ಡೆಟ್ ಕಥೆಯೇ ಬೇರೆ. ಸಾಲ ಅನ್ನುವ ಈ ಪದ ಇಂಗ್ಲಿಷ್‌ಗೆ ಬಂದಿದ್ದು ಫ್ರೆಂಚ್‌ನ ‘ದೆತ್’ನಿಂದ. ಅದರಲ್ಲಿ ಬಿ ಇರಲಿಲ್ಲ. ಇಂಗ್ಲಿಷರೂ ತುಂಬ ಕಾಲ ಬಿ ಇಲ್ಲದೆಯೇ ಬರೆದರು. ಆಮೇಲೆ ಪಂಡಿತರಿಗೆ ಲ್ಯಾಟಿನ್ ಮೋಹ ಹತ್ತಿತು. ಇದರ ಮೂಲ ಲ್ಯಾಟಿನ್ನಿನ ‘ಡೆಬಿಟುಮ್’ ಅಲ್ವಾ, ಆ ಮನೆತನ ಕಾಣಲಿ ಅಂತ ಬಿ ತುರುಕಿದರು. ನಾವು ಮಾತುಮಾತಿಗೂ ಆಡುವ ಡೌಟ್‌ಗೂ ಹೀಗೇ ಬಿ ಸೇರಿತು. ನಿಮ್ಮ ಪಾಸ್‌ಬುಕ್ಕಿನ ‘ಡೆಬಿಟ್’ ಕೂಡ ಇದೇ ಮೂಲದ್ದು. ಪುಣ್ಯಕ್ಕೆ ಅಲ್ಲಿ ಬಿ ಬಾಯಲ್ಲೂ ಬರುತ್ತದೆ.

ಇಂಥ ಪಂಡಿತರನ್ನು ಷೇಕ್ಸ್‌ಪಿಯರ್ ಚೆನ್ನಾಗಿಯೇ ಗೇಲಿ ಮಾಡಿದ್ದಾನೆ. ‘ಲವ್ಸ್ ಲೇಬರ್ಸ್ ಲಾಸ್ಟ್’ ನಾಟಕದಲ್ಲಿ ಹೊಲೊಫರ್ನಿಸ್ ಅನ್ನುವ ಮೇಷ್ಟ್ರು ಬರುತ್ತಾನೆ. ಡೆಟ್, ಡೌಟ್ ಅನ್ನುವಾಗ ಬಿ ನುಂಗುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿ. ಆದರೆ ಅವರು ನುಂಗುತ್ತಿರಲಿಲ್ಲ, ಅಜ್ಜ ಅಜ್ಜಿ ಹೇಳುತ್ತಿದ್ದ ಹಾಗೇ ಹೇಳುತ್ತಿದ್ದರು!

ಐಲ್ಯಾಂಡ್‌ನ ಎಸ್ ಶುದ್ಧ ತಪ್ಪು. ಅದು ಇಂಗ್ಲಿಷ್‌ನದೇ ಹಳೆಯ ಪದ, ಎಸ್ ಇರಲೇ ಇಲ್ಲ. ಲ್ಯಾಟಿನ್ನಿನ ‘ಇನ್ಸುಲಾ’ದಿಂದ ಫ್ರೆಂಚ್ ಮೂಲಕ ಬಂದ, ದ್ವೀಪ ಅಂತಲೇ ಅರ್ಥವಿರುವ ‘ಐಲ್’ ಇದೆಯಲ್ಲ, ಇದು ಅದರ ನೆಂಟ ಅಂದುಕೊಂಡು ಸೇರಿಸಿಬಿಟ್ಟರು. ಎರಡಕ್ಕೂ ಸಂಬಂಧವೇ ಇಲ್ಲ.

ಇಷ್ಟು ಮಾಡಿದವರು ಎಲ್ಲ ಕಡೆ ಒಂದೇ ನಿಯಮವನ್ನಾದರೂ ಇಟ್ಟುಕೊಂಡರಾ? ಅದೂ ಇಲ್ಲ. ರಿಸೀಟ್, ಡಿಸೀಟ್ ಒಂದೇ ಲ್ಯಾಟಿನ್ ಧಾತುವಿನ ಮಕ್ಕಳು. ರಿಸೀಟ್‌ಗೆ ಹಾಕಿದ ಪಿ ಉಳಿಯಿತು. ಡಿಸೀಟ್‌ಗೂ ಕೆಲವರು ಹಾಕಿ ನೋಡಿದರು, ನಿಲ್ಲಲಿಲ್ಲ. ಮಗಳಿಗೆ ಈ ಜೋಡಿಯನ್ನು ಈಗಲೇ ಬರೆಸಿ ಅಭ್ಯಾಸ ಮಾಡಿಸಿ. ಉಕ್ತಲೇಖನ ಕೊಡುವವರಿಗೆ ಇಂಥವೇ ಜಾಸ್ತಿ ಇಷ್ಟ.

– ಸಂ.