ಅಜ್ಜನ ಆಟೊಮ್ಯಾಟಿಕ್ ವಾಚು

ಪ್ರಶ್ನೆ: ಸರ್, ನಮ್ಮಜ್ಜ ಕಟ್ತಿದ್ದ ಎಚ್‌ಎಂಟಿ ಕಾಂಚನ್ ಬೀರುವಲ್ಲಿ ಸಿಕ್ತು. ಡಯಲ್ ಮೇಲೆ ಆಟೊಮ್ಯಾಟಿಕ್ ಅಂತಿದೆ, ಅಲ್ಲಾಡಿಸಿದ್ರೆ ಒಳಗೆ ಗರಗರ ಅಂತ ಏನೋ ತಿರುಗುತ್ತೆ, ಹಗಲೆಲ್ಲ ನಡಿಯುತ್ತೆ, ರಾತ್ರಿ ಬಿಚ್ಚಿಟ್ರೆ ಬೆಳಿಗ್ಗೆ ನಿಂತಿರುತ್ತೆ. ಡಯಲ್ ಹಳದಿಯಾಗಿದೆ. ಅಂಗಡಿಯವ್ರು ಹೊಸದಾಗಿ ಪ್ರಿಂಟ್ ಮಾಡಿಸ್ಕೊಡ್ತೀನಿ, ಒಳ್ಳೆ ರೇಟು ಬರುತ್ತೆ ಅಂತಾರೆ. ಮಾಡಿಸ್ಲಾ?
– ಓದುಗರು, ಹಾಸನ

ಉತ್ತರ: ದಯವಿಟ್ಟು ಡಯಲ್ ಮುಟ್ಟಿಸ್ಬೇಡಿ! ಪೇಂಟ್ ಬಳಿದ ಡಯಲ್ ನೋಡಿದ್ ತಕ್ಷಣ ಹಳೆ ವಾಚ್ ಸಂಗ್ರಹ ಮಾಡೋರು ಪಕ್ಕಕ್ಕಿಟ್ಬಿಡ್ತಾರೆ, ಅಜ್ಜನ ಕೈ ಮೇಲೆ ಹಣ್ಣಾದ ಹಳದಿ ಬಣ್ಣಕ್ಕೇ ಬೆಲೆ ಜಾಸ್ತಿ.

ಆ ಗರಗರ ಅನ್ನೋದು ರೋಟರ್, ಅರ್ಧಚಂದ್ರನ ಥರದ ಒಂದು ತೂಕದ ತಗಡು. ನೀವು ಕೈ ಬೀಸಿದಾಗೆಲ್ಲ ಅದು ತಿರುಗಿ, ಸಣ್ಣ ಸಣ್ಣ ಹಲ್ಲಿನ ಚಕ್ರಗಳ ಮೂಲಕ ಒಳಗಿನ ಸ್ಪ್ರಿಂಗ್ ಸುತ್ತುತ್ತೆ, ಅದಕ್ಕೇ ಕೀ ಕೊಡೋ ಕೆಲ್ಸ ಇಲ್ಲ. ದಿನವಿಡೀ ಸುತ್ತಿದ್ರೂ ಸ್ಪ್ರಿಂಗ್ ಯಾಕೆ ಮುರಿಯಲ್ಲ ಗೊತ್ತಾ, ಅದರ ಹೊರತುದಿಯನ್ನ ಅದು ಕೂತಿರೋ ದುಂಡು ಡಬ್ಬಿಗೆ ಬಿಗಿದಿರಲ್ಲ, ತುಂಬಿದ ಮೇಲೆ ಗೋಡೆಗೆ ಉಜ್ಜಿಕೊಂಡು ಜಾರುತ್ತೆ. ಅಲ್ಲಿ ಹಾಕಿರೋ ಗ್ರೀಸ್ ವರ್ಷಗಟ್ಟಲೆ ಬಿಟ್ರೆ ಒಣಗಿಹೋಗುತ್ತೆ, ಆಮೇಲೆ ಸ್ಪ್ರಿಂಗ್ ಪೂರ್ತಿ ತುಂಬೋ ಮೊದ್ಲೇ ಜಾರಬಹುದು, ನಿಮ್ಮ ವಾಚು ರಾತ್ರಿ ನಿಲ್ಲೋದಕ್ಕೆ ಅದೇ ಕಾರಣ ಇರಬಹುದು. ಇಲ್ಲಾಂದ್ರೆ ಚಕ್ರಗಳ ಎಣ್ಣೆ ಹಳೆ ಬೆಲ್ಲದ ಪಾಕದ ಥರ ಅಂಟಾಗಿರುತ್ತೆ. ಎರಡಕ್ಕೂ ಮದ್ದು ಒಂದೇ, ಪೂರ್ತಿ ಬಿಚ್ಚಿ ತೊಳೆದು ಎಣ್ಣೆ ಹಾಕೋ ಸರ್ವಿಸ್. ಅಲ್ಲೀತನಕ ಸುಮ್ನೆ ಅಲ್ಲಾಡಿಸ್ತಾ ಇರ್ಬೇಡಿ, ಎಣ್ಣೆಯಿಲ್ದೆ ಓಡಿದ್ರೆ ಸವೆಯುತ್ತೆ.

ರಿಪೇರಿಯವ್ರು ಹಿಂದಿನ ಮುಚ್ಚಳ ತೆಗ್ದಾಗ ಪಕ್ಕದಲ್ಲೇ ಕೂತು ನೋಡಿ. ವಾಚಿನ ವೇಗ ಹಿಡಿದಿಡೋ ಬ್ಯಾಲೆನ್ಸ್ ಚಕ್ರ ಆ ಕಡೆ ಈ ಕಡೆ ತೂಗ್ತಿರುತ್ತೆ, ಅದರ ಕೂದಲೆಳೆಯಂಥ ಸುರುಳಿ ಉಸಿರಾಡೋ ಥರ ಹಿಗ್ಗಿ ಕುಗ್ಗುತ್ತೆ, ನಾನು ಎಷ್ಟು ಸಲ ನೋಡಿದ್ರೂ ಕಣ್ಣು ಕೀಳೋಕೆ ಆಗಲ್ಲ. ಸಂಗ್ರಹ ಮಾಡೋರಿಗೆ ಹುಚ್ಚು ಹಿಡಿಸೋದು ಇದೇನೇ.

ಎಚ್‌ಎಂಟಿ ಜಪಾನಿನ ಸಿಟಿಜನ್ ಜೊತೆ ಸೇರಿ 1961ರಲ್ಲಿ ಬೆಂಗಳೂರಲ್ಲಿ ವಾಚ್ ಫ್ಯಾಕ್ಟರಿ ಶುರು ಮಾಡ್ತು, 2016ರಲ್ಲಿ ವಾಚ್ ಕಂಪನಿ ಮುಚ್ಚೋಕೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಡ್ತು, ಹಾಗಾಗಿ ಈಗ ಬಿಡಿಭಾಗ ಬೇಕಂದ್ರೆ ಇನ್ನೊಂದು ಹಳೆ ವಾಚಿಂದಾನೇ ಕಿತ್ತು ಹಾಕೋದು. ಬಿಚ್ಚಿದ ಒಂದೊಂದು ಸ್ಕ್ರೂನೂ ವಾಪಸ್ ಅದೇ ವಾಚಿಗೆ ಹೋಗ್ಬೇಕು ಅಂತ ಮೊದ್ಲೇ ಹೇಳಿ.

ಇನ್ನೊಂದು ಮಾತು, ರಾತ್ರಿ ಒಂಬತ್ತರಿಂದ ಬೆಳಗಿನ ಜಾವ ಮೂರರ ತನಕ ತಾರೀಖು ಬದಲಾಯಿಸ್ಬೇಡಿ, ಆ ಹೊತ್ತಲ್ಲಿ ತಾರೀಖಿನ ಚಕ್ರದ ಹಲ್ಲು ಕಚ್ಚಿಕೊಂಡಿರುತ್ತೆ, ತಿರುಗ್ಸಿದ್ರೆ ಮುರಿಯಬಹುದು.