ದೂರ ಹೋದಷ್ಟೂ ನಕ್ಷತ್ರ ಜಾಸ್ತಿ ಅಂತ ನನ್ನ ಗ್ರಾಫೂ ಹೇಳಿತ್ತು

ಎಂಎಸ್ಸಿ ಪ್ರಾಜೆಕ್ಟು, ಕೈಯಲ್ಲೊಂದು ಆಕಾಶ ಸರ್ವೆಯ ಗ್ಯಾಲಕ್ಸಿ ಕ್ಯಾಟಲಾಗು. ಪ್ರತಿ ರೆಡ್‌ಶಿಫ್ಟಿನಲ್ಲಿ (ದೂರದ ಬೆಳಕು ಕೆಂಪಿನತ್ತ ಸರಿದ ಅಳತೆ, ಗುರುತು z; z ಹೆಚ್ಚಿದಷ್ಟೂ ಗ್ಯಾಲಕ್ಸಿ ದೂರ, ಕಾಲವೂ ಹಿಂದೆ) ನಕ್ಷತ್ರ ಹುಟ್ಟುವ ದರದ ಸರಾಸರಿ ತೆಗೆದು, ಗ್ಯಾಲಕ್ಸಿಗೆ ವಯಸ್ಸಾದಂತೆ ಆ ದರ ಹೇಗೆ ಇಳಿಯುತ್ತದೆ ಅಂತ ತೋರಿಸಬೇಕು. ಅದಕ್ಕೆ ಅತಿನೇರಳೆ ಡೇಟಾ ಒಳ್ಳೆಯದಾ, ಅವಕೆಂಪಾ? ಇಷ್ಟು ತಾನೆ ನಿಮ್ಮ ಪ್ರಶ್ನೆ?

ಸರಾಸರಿ ತೆಗೆಯಬೇಡಿ. ನಾನು ತೆಗೆದಿದ್ದೆ, ಇಡೀ ಸೆಮಿಸ್ಟರ್ ಅದಕ್ಕೇ ಹೋಯಿತು.

ನನ್ನ ಕ್ಯಾಟಲಾಗು z 3ರ ತನಕ ಇತ್ತು. ಅದನ್ನು ಭಾಗ ಮಾಡಿದೆ, ಒಂದೊಂದು ಭಾಗಕ್ಕೂ ಸರಾಸರಿ ಹಾಕಿದೆ, ಚುಕ್ಕಿಗಳನ್ನು ಸೇರಿಸಿದೆ. ಗೆರೆ ಮೇಲಕ್ಕೆ ಹೋಗುತ್ತಲೇ ಇತ್ತು. ಹಿಂದಿನ ಕಾಲದಲ್ಲಿ ನಕ್ಷತ್ರಗಳು ಜಾಸ್ತಿ ಹುಟ್ಟುತ್ತಿದ್ದವು ಅಂತ ಪುಸ್ತಕದಲ್ಲೂ ಇದೆಯಲ್ಲ, ಸರಿಯಾಗೇ ಬಂದಿದೆ ಅಂದುಕೊಂಡು ವರದಿ ಬರೆದು ಕೊಟ್ಟೆ. ವೈವಾದಲ್ಲಿ ಪರೀಕ್ಷಕರು ಗ್ರಾಫ್ ನೋಡಿ ಕೇಳಿದ್ದು ಒಂದೇ: "ಇದು ಇಳಿಯೋದು ಎಲ್ಲಿ?"

ಇಳಿಯಬೇಕಿತ್ತು. ಒಟ್ಟು ವಿಶ್ವದ ಲೆಕ್ಕ ಹಾಕಿದರೆ ಅದು ಗುಡ್ಡದ ಆಕಾರದಲ್ಲಿ ಬರುತ್ತದೆ. ಮಹಾಸ್ಫೋಟ ಆಗಿದ್ದು 1,380 ಕೋಟಿ ವರ್ಷಗಳ ಹಿಂದೆ. ಮೊದಮೊದಲು ನಕ್ಷತ್ರ ಹುಟ್ಟುವುದು ಕಡಿಮೆ. ಆಮೇಲೆ ಏರುತ್ತಾ, ಸುಮಾರು 1,000 ಕೋಟಿ ವರ್ಷಗಳ ಹಿಂದೆ, ಅಂದರೆ z 2ರ ಆಸುಪಾಸಿನಲ್ಲಿ ತುದಿ ಮುಟ್ಟುತ್ತದೆ. ಅಲ್ಲಿಂದ ಇವತ್ತಿಗೆ ಹತ್ತು ಪಟ್ಟಿನಷ್ಟು ಕುಸಿದಿದೆ. 1995ರ ಡಿಸೆಂಬರಿನಲ್ಲಿ ಹಬಲ್ ದೂರದರ್ಶಕ ಆಕಾಶದ ಒಂದು ಚೂರನ್ನೇ ದಿನಗಟ್ಟಲೆ ನೋಡಿತಲ್ಲ, ಅದಾದ ಮೇಲೆ 1996ರಲ್ಲಿ ಈ ಗ್ರಾಫಿನ ಮೊದಲ ರೂಪ ಬಂತು. ಖಗೋಳಶಾಸ್ತ್ರಜ್ಞ ಪಿಯರೊ ಮದಾವ್ ಹೆಸರಲ್ಲಿ ಈಗಲೂ ಅದನ್ನು ಮದಾವ್ ಗ್ರಾಫ್ ಅಂತಲೇ ಕರೆಯುತ್ತಾರೆ. 2014ರಲ್ಲಿ ಮದಾವ್ ಮತ್ತು ಡಿಕಿನ್ಸನ್ ಬರೆದ ವಿಮರ್ಶಾ ಲೇಖನವನ್ನು ಕ್ಯಾಟಲಾಗ್ ಮುಟ್ಟುವ ಮೊದಲೇ ಓದಿ. ನಾನು ವೈವಾ ಮುಗಿದ ಮೇಲೆ ಓದಿದೆ.

ನನ್ನ ಗ್ರಾಫ್ ಯಾಕೆ ಇಳಿಯಲಿಲ್ಲ? ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ಯಾವ ಸರ್ವೆಗೂ ಒಂದು ಮಿತಿ ಇರುತ್ತದೆ. ಅದಕ್ಕಿಂತ ಮಸುಕಾದದ್ದು ಕ್ಯಾಟಲಾಗಿಗೆ ಬರುವುದೇ ಇಲ್ಲ. ದೂರದ ವರ್ಗಕ್ಕೆ ತಕ್ಕಂತೆ ಬೆಳಕು ಕುಗ್ಗುತ್ತದೆ. ಹಾಗಾಗಿ z 0.1ರಲ್ಲಿ ಸರ್ವೆಗೆ ಕಷ್ಟಪಟ್ಟು ಕಾಣುವ ಗ್ಯಾಲಕ್ಸಿ ಇದೆಯಲ್ಲ, z 1ರಲ್ಲಿ ಕಾಣಬೇಕಾದರೆ ಅದಕ್ಕಿಂತ ಸುಮಾರು 200 ಪಟ್ಟು ಪ್ರಕಾಶ ಬೇಕು. z 3ಕ್ಕೆ ಹೋದರೆ ಸುಮಾರು 3,000 ಪಟ್ಟು. ಅಂದರೆ ಹತ್ತಿರದಲ್ಲಿ ಸಣ್ಣದು, ದೊಡ್ಡದು ಎಲ್ಲ ಲೆಕ್ಕಕ್ಕೆ ಬರುತ್ತವೆ. ದೂರದಲ್ಲಿ ಬರೀ ದೈತ್ಯರು. ದೈತ್ಯರ ಸರಾಸರಿ ತೆಗೆದರೆ ದರ ಏರದೆ ಇನ್ನೇನಾಗುತ್ತದೆ?

ಸರಾಸರಿ ಬಿಟ್ಟು, ಅಡ್ಡಕ್ಕೆ z, ಮೇಲಕ್ಕೆ ದರ ಇಟ್ಟು, ಒಂದೊಂದು ಗ್ಯಾಲಕ್ಸಿಯನ್ನೂ ಒಂದು ಚುಕ್ಕಿಯಾಗಿ ಹಾಕಿ ನೋಡಿ. ಚುಕ್ಕಿಗಳ ಗುಂಪಿನ ಕೆಳಗಡೆ ಚಾಕುವಿನಲ್ಲಿ ಕತ್ತರಿಸಿದ ಹಾಗೆ ಒಂದು ಬಾಗಿದ ಅಂಚು ಕಾಣುತ್ತದೆ. ಬಲಗಡೆ ಕೆಳಮೂಲೆ ಪೂರ್ತಿ ಖಾಲಿ. ಆ ಅಂಚು ನಿಮ್ಮ ಸರ್ವೆಯ ಮಿತಿ. ನನ್ನ ಸರಾಸರಿ ಗೆರೆ ಹೆಚ್ಚುಕಡಿಮೆ ಆ ಅಂಚಿಗೆ ಸಮಾನಾಂತರವಾಗಿ ಓಡಿತ್ತು!

ನನಗೆ ಅನುಮಾನ ಬರದೇ ಇದ್ದಿದ್ದಕ್ಕೆ ಕಾರಣವೂ ಇದೆ. ಅದರಲ್ಲಿ ಅರ್ಧ ನಿಜ ಬೆರೆತಿತ್ತು. ಒಂದೇ ದ್ರವ್ಯರಾಶಿಯ, ನಕ್ಷತ್ರ ಹುಟ್ಟಿಸುತ್ತಿರುವ ಗ್ಯಾಲಕ್ಸಿಗಳನ್ನೇ ಹೋಲಿಸಿದರೂ z 2ರಲ್ಲಿ ದರ ಇವತ್ತಿಗಿಂತ 20 ಪಟ್ಟಿನಷ್ಟು ಜಾಸ್ತಿ. ನಿಜವಾದ ಏರಿಕೆ ಎಷ್ಟು, ಮಿತಿಯಿಂದ ಬಂದ ಏರಿಕೆ ಎಷ್ಟು ಅಂತ ಸರಾಸರಿ ನೋಡಿ ಹೇಳಲು ಸಾಧ್ಯವೇ ಇಲ್ಲ. ಒಂದೊಂದು ಗ್ಯಾಲಕ್ಸಿ ಎಷ್ಟು ದೂರದ ತನಕ ನಿಮ್ಮ ಸರ್ವೆಗೆ ಕಾಣುತ್ತಿತ್ತು ನೋಡಿ, ಆ ದೂರದೊಳಗಿನ ಆಕಾಶದ ಘನ ಅಳತೆಯಿಂದ ಅದರ ದರವನ್ನು ಭಾಗಿಸಿ, ಆಮೇಲೆ ಕೂಡಿಸಿ. ಕ್ವೇಸಾರ್‌ಗಳಿಗಾಗಿ (ಕಪ್ಪುಕುಳಿಯ ದೆಸೆಯಿಂದ ಉಜ್ವಲವಾಗಿ ಹೊಳೆಯುವ ದೂರದ ಗ್ಯಾಲಕ್ಸಿ ನಡುವುಗಳು) ಖಗೋಳಶಾಸ್ತ್ರಜ್ಞ ಮಾರ್ಟೆನ್ ಶ್ಮಿಟ್ 1968ರಲ್ಲೇ ಈ ದಾರಿ ತೋರಿಸಿದ್ದರು. ಆಗ ಉತ್ತರ ಒಂದು ಘನ ಮೆಗಾಪಾರ್ಸೆಕ್ಕಿಗೆ (ಒಂದು ಮೆಗಾಪಾರ್ಸೆಕ್ ಅಂದರೆ ಸುಮಾರು 33 ಲಕ್ಷ ಬೆಳಕಿನ ವರ್ಷ) ವರ್ಷಕ್ಕೆ ಎಷ್ಟು ಸೂರ್ಯರ ತೂಕದಷ್ಟು ನಕ್ಷತ್ರ ಅನ್ನುವ ಲೆಕ್ಕದಲ್ಲಿ ಬರುತ್ತದೆ. ಇವತ್ತಿಗೆ 0.015, ತುದಿಯಲ್ಲಿ ಸುಮಾರು 0.13. ನಿಮ್ಮ ಸಂಖ್ಯೆ ಇದರ ಹತ್ತಿರ ಸುಳಿಯದಿದ್ದರೆ ಮತ್ತೆ ಮಿತಿಯನ್ನೇ ನೋಡಿ. ಪೂರ್ತಿ ಕಾಣದೇ ಹೋದ ಮಸುಕು ಗ್ಯಾಲಕ್ಸಿಗಳಿಗೆ ಬೇರೆಯಾಗಿ ಅಂದಾಜು ಹಾಕಬೇಕು, ಅದನ್ನು ಈ ಭಾಗಾಕಾರ ತಂದುಕೊಡುವುದಿಲ್ಲ.

ಇನ್ನು "ಗ್ಯಾಲಕ್ಸಿಗೆ ವಯಸ್ಸಾದಂತೆ" ಅಂದಿರಲ್ಲ, ಅದನ್ನು ನಾನು ಒಪ್ಪುವುದಿಲ್ಲ. z 2ರಲ್ಲಿ ಕಾಣುವ ಗ್ಯಾಲಕ್ಸಿ ಬೇರೆ, ಹತ್ತಿರದ್ದು ಬೇರೆ. ಪಕ್ಕದ ಮನೆ ಮಗುವಿನ ಫೋಟೊ ತೋರಿಸಿ ನಮ್ಮಜ್ಜ ಚಿಕ್ಕವನಿದ್ದಾಗ ಹೀಗಿದ್ದ ಅಂದ ಹಾಗಾಯಿತು. ಆಗ ವರ್ಷಕ್ಕೆ ನೂರಾರು ಸೂರ್ಯರನ್ನು ಹುಟ್ಟಿಸುತ್ತಿದ್ದ ದೈತ್ಯರಲ್ಲಿ ಹೆಚ್ಚಿನವು ಇವತ್ತು ಹೊಸ ನಕ್ಷತ್ರ ಹುಟ್ಟಿಸದೆ ಕೆಂಪಗೆ ಸುಮ್ನೆ ಕೂತಿವೆ. ನಮ್ಮ ಕ್ಷೀರಪಥದ್ದು ನಿಧಾನದ ನಡಿಗೆ, ವರ್ಷಕ್ಕೆ ಒಂದೆರಡು ಸೂರ್ಯರಷ್ಟು. ಈಗಲೂ ನಡೆದಿದೆ. ದೊಡ್ಡವು ಮೊದಲು ನಿಲ್ಲಿಸಿದವು, ಚಿಕ್ಕವು ಎಳೆದುಕೊಂಡು ಬಂದವು.

ಇಳಿಕೆಗೆ ಕಾರಣ ವಯಸ್ಸಲ್ಲ, ಅನಿಲದ ಕೊರತೆ. z 2ರ ಕಾಲದ ಗ್ಯಾಲಕ್ಸಿಯಲ್ಲಿ ನಕ್ಷತ್ರಗಳಷ್ಟೇ ತೂಕದ ತಣ್ಣನೆಯ ಅನಿಲ ಇರುವುದು ಮಾಮೂಲು. ಇವತ್ತು ಹತ್ತರಲ್ಲೊಂದು ಪಾಲು ಇದ್ದರೆ ಹೆಚ್ಚು. 2020ರಲ್ಲಿ ಪುಣೆ ಬಳಿಯ ಜಿಎಂಆರ್‌ಟಿ ರೇಡಿಯೊ ದೂರದರ್ಶಕದಿಂದ 7,653 ಗ್ಯಾಲಕ್ಸಿಗಳ ಹೈಡ್ರೋಜನ್ ಸಂಕೇತವನ್ನು ಒಂದರ ಮೇಲೊಂದು ಪೇರಿಸಿ ಅಳೆದರು. ಬಿಡಿಬಿಡಿಯಾಗಿ ಅವು ಕಾಣುವಷ್ಟು ಬಲವಾಗಿರಲಿಲ್ಲ. ಸುಮಾರು 800 ಕೋಟಿ ವರ್ಷಗಳ ಹಿಂದಿನ ಆ ಗ್ಯಾಲಕ್ಸಿಗಳು ಅದೇ ವೇಗದಲ್ಲಿ ಖರ್ಚು ಮಾಡಿದ್ದರೆ ಅನಿಲ 100–200 ಕೋಟಿ ವರ್ಷಕ್ಕೇ ಖಾಲಿ. ಹೊರಗಿನಿಂದ ಹೊಸ ಅನಿಲ ಬರುತ್ತಿರಬೇಕು. ಅದು ಸಾಲದೇ ಹೋದಾಗ ದರ ಬಿತ್ತು. ದೊಡ್ಡ ಗ್ಯಾಲಕ್ಸಿಗಳಲ್ಲಿ ನಡುವಿನ ಕಪ್ಪುಕುಳಿಯೂ ಅನಿಲವನ್ನು ಕಾಯಿಸಿ, ತಣ್ಣಗಾಗಲು ಬಿಡುವುದಿಲ್ಲ.

ಅತಿನೇರಳೆಯಾ ಅವಕೆಂಪಾ? ಎರಡೂ ತಗೊಂಡು ಕೂಡಿಸಿ. ಎಳೆಯ ನಕ್ಷತ್ರಗಳ ಅತಿನೇರಳೆ ಬೆಳಕನ್ನು ಧೂಳು ನುಂಗಿ ಅವಕೆಂಪಿನಲ್ಲಿ ಕಕ್ಕುತ್ತದೆ. z 2ರ ಹೊತ್ತಿಗೆ ಆ ಬೆಳಕಿನ ಬಹುಪಾಲು ಧೂಳಿನ ಹಿಂದೆಯೇ ಇತ್ತು. ಬರೀ ಅವಕೆಂಪು ಸಾಕು ಅಂದರೆ, ಅಲ್ಲಿ ಮಸುಕಾದವು ಇನ್ನೂ ಬೇಗ ಕಾಣೆಯಾಗುತ್ತವೆ. ಮತ್ತೆ ಅದೇ ಮಿತಿಯ ಕಥೆ.

ನಿಮ್ಮ ಕ್ಯಾಟಲಾಗಿನ ಮಿತಿ ಯಾವ ಬ್ಯಾಂಡಿನಲ್ಲಿ (ಬೆಳಕಿನ ಯಾವ ತರಂಗಾಂತರದಲ್ಲಿ) ಎಷ್ಟು ಅಂತ ಕೆಳಗೆ ಬರೆಯಿರಿ. ಅದು ಗೊತ್ತಾದರೆ ಎಷ್ಟು z ತನಕ ನಂಬಬಹುದು ಅಂತ ಹೇಳುತ್ತೇನೆ.