ಮೊದಲು ಮೆಣಸಿನಕಾಯಿ ತೆಗೆಯಿರಿ, ರಾಜ ಆಮೇಲೆ ಬರಲಿ

ಪ್ರಶ್ನೆ: ಕುಮಟಾ ತಾಲೂಕಿನ ಹಳ್ಳಿಯೊಂದರ ಶಾಲೆಯಲ್ಲಿ ಶಿಕ್ಷಕಿ ನಾನು. ಏಳನೇ ತರಗತಿಗೆ ಮಧ್ಯಯುಗದ ಜನಜೀವನ ತಿಳಿಸಲೆಂದು ಹೋದ ವರ್ಷ ರಾಜನ ದರ್ಬಾರು ಮಾಡಿಸಿದೆ. ಥರ್ಮಾಕೋಲ್ ಕಿರೀಟ, ಬಾಡಿಗೆ ಡ್ರೆಸ್ಸು ಎಂದು ಪಾಲಕರ ಕೈಯಿಂದ ದುಡ್ಡು ಹೋಯಿತು. ರಾಜ ಯಾರಾಗಬೇಕೆಂದು ಜಗಳವೂ ಆಯಿತು. ಆಮೇಲೆ ಪರೀಕ್ಷೆಯಲ್ಲಿ ‘ಆ ಕಾಲದ ಜನ ಏನು ಉಣ್ಣುತ್ತಿದ್ದರು?’ ಎಂದರೆ ಅರ್ಧ ಮಕ್ಕಳು ‘ಅನ್ನ, ಬಟಾಟೆ ಭಾಜಿ’ ಎಂದು ಬರೆದಿದ್ದರು. ಖರ್ಚಿಲ್ಲದ ಚಟುವಟಿಕೆ ಏನಾದರೂ ಇದೆಯೇ?

ಉತ್ತರ: ಆ ಬಟಾಟೆ ಭಾಜಿಯಿಂದಲೇ ಶುರುಮಾಡಿ ಅಕ್ಕೋರೆ. ಉತ್ತರ ತಪ್ಪು, ಆದರೆ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಬಾಗಿಲು ಸಿಗಲಿಕ್ಕಿಲ್ಲ.

ಬಿಸಿಯೂಟದ ಅನ್ನ ಸಾಂಬಾರಿನಲ್ಲಿ ಏನೇನಿದೆ ಎಂದು ಮಕ್ಕಳಿಂದಲೇ ಹಲಗೆಯ ಮೇಲೆ ಬರೆಸಿ. ನಂತರ ಒಂದೊಂದಾಗಿ ಹೊಡೆದುಹಾಕುತ್ತ ಬನ್ನಿ. ಬಟಾಟೆ, ಟೊಮೇಟೊ, ಮೆಣಸಿನಕಾಯಿ ಮೂರೂ ಅಮೆರಿಕ ಖಂಡದವು. 1498ರಲ್ಲಿ ಪೋರ್ಚುಗೀಸರು ಕಲ್ಲಿಕೋಟೆಗೆ ಬಂದ ಮೇಲೆಯೇ ಇವು ನಮ್ಮ ಕಡೆ ಕಾಲಿಟ್ಟದ್ದು. ಗೇರು, ಅನಾನಸು, ಪಪ್ಪಾಯಿಗಳ ಕತೆಯೂ ಅದೇ. ಪಪ್ಪಾಯಿಯನ್ನು ಪರಂಗಿ ಹಣ್ಣು ಎನ್ನುವಾಗಲೇ ಅದರ ಊರು ಬಾಯಿಬಿಡುತ್ತದೆ. ‘ಬಟಾಟೆ’ಯಂತೂ ಪೋರ್ಚುಗೀಸ್ ಶಬ್ದವೇ. ಕನ್ನಡದಲ್ಲಿ ಮೆಣಸು ಎಂದರೆ ಮೊದಲು ಬಳ್ಳಿಯ ಕಾಳು ಮಾತ್ರ. ಹೊಸದಾಗಿ ಬಂದ ಖಾರದ ಕಾಯಿ ಮೆಣಸಿನಕಾಯಿ ಆಯಿತು, ಮೂಲ ಮೆಣಸು ಪಾಪ, ‘ಕಾಳುಮೆಣಸು’ ಎಂದು ವಿಳಾಸ ಹೇಳಿಕೊಂಡು ತಿರುಗಬೇಕಾಯಿತು. ಈ ಮಾತಿಗೆ ಮಕ್ಕಳು ನಕ್ಕೇ ನಗುತ್ತಾರೆ.

ಇಷ್ಟು ಹೊಡೆದ ಮೇಲೆ ಹಲಗೆಯ ಮೇಲೆ ಉಳಿಯುವುದು ಅನ್ನ, ಬೇಳೆ, ತೆಂಗಿನಕಾಯಿ, ಹುಣಸೆ, ಅರಿಶಿನ, ಸಾಸಿವೆ. ಮನೆಯ ಅಡುಗೆಯಿಂದ ಏನು ಸೇರಿಸಬಹುದು ಎಂದು ಕೇಳಿ. ಮೀನು, ಮಜ್ಜಿಗೆ, ಮುರುಗಲು, ಮಾವಿನ ಮಿಡಿ ತಾವಾಗಿ ಬರುತ್ತವೆ. ಮರುದಿನ ಒಂದೆಲಗ ತರಿಸಿ, ಕಾಯಿತುರಿ, ಜೀರಿಗೆ, ಕಾಳುಮೆಣಸು ಹಾಕಿ ಬೀಸಿ, ಮಜ್ಜಿಗೆ ಬೆರೆಸಿ ತಂಬುಳಿ ಮಾಡಿ ಒಂದೊಂದು ಲೋಟ ಕೊಡಿ. ಮೆಣಸಿನಕಾಯಿ ಬರುವುದಕ್ಕೆ ಮುಂಚಿನ ಖಾರ ಹೇಗಿತ್ತೆಂದು ನಾಲಿಗೆಗೇ ತಿಳಿಯಲಿ.

ಆ ಲೋಟ ಕೈಯಲ್ಲಿರುವಾಗಲೇ ಇಬ್ನ್ ಬತೂತನ ಕತೆ ಹೇಳಿ. ಮೊರಾಕ್ಕೋದ ಈ ಪ್ರವಾಸಿ 1340ರ ದಶಕದಲ್ಲಿ ನಿಮ್ಮ ಪಕ್ಕದ ಹೊನ್ನಾವರಕ್ಕೆ ಬಂದು, ಅಲ್ಲಿನ ಸುಲ್ತಾನ ಜಮಾಲುದ್ದೀನನ ಮನೆಯಲ್ಲಿ ಉಂಡದ್ದನ್ನು ಸಾಲುಸಾಲಾಗಿ ಬರೆದಿಟ್ಟಿದ್ದಾನೆ. ತಾಮ್ರದ ತಟ್ಟೆ, ತಾಮ್ರದ ದೊಡ್ಡ ಸೌಟಿನಲ್ಲಿ ಅನ್ನ, ಮೇಲೆ ತುಪ್ಪ, ಬದಿಗೆ ಉಪ್ಪಿನಕಾಯಿ ಹಾಕಿದ ಮೆಣಸು, ನಿಂಬೆ, ಮಾವು, ಜೊತೆಗೆ ಹಸಿಶುಂಠಿ. ಕೋಳಿ ಬಂದರೆ ಮತ್ತೊಂದು ಸೌಟು ಅನ್ನ, ಮೀನು ಬಂದರೆ ಇನ್ನೊಂದು. ಕೊನೆಗೆ ಮೊಸರು, ಅದು ಬಂತೆಂದರೆ ಊಟ ಮುಗಿಯಿತೆಂದು ತಿಳಿಯಬೇಕಂತೆ! ಮಳೆಗಾಲದಲ್ಲಿ ತಣ್ಣೀರು ಆಗದೆಂದು ಬಿಸಿನೀರು ಕುಡಿಸುತ್ತಿದ್ದರಂತೆ. 11 ತಿಂಗಳು ರೊಟ್ಟಿಯ ಮುಖ ಕಾಣದೆ ಬರೀ ಅನ್ನದಲ್ಲೇ ಕಳೆದೆ ಎಂದು ಅವನ ಗೋಳು. ನಾನು ಇದನ್ನು ಹೇಳಿದಾಗ ಒಬ್ಬಳು ಹುಡುಗಿ, “ನಮ್ಮನೆ ಅಜ್ಜಿನೂ ಬಿಸಿನೀರೇ ಕುಡಿ ಅಂತದೆ” ಎಂದಿದ್ದಳು. ಸುಮಾರು 680 ವರ್ಷ ಹಿಂದಕ್ಕೆ ಹೋಗಲು ಅವಳಿಗೆ ಅಷ್ಟೇ ಸಾಕಾಯಿತು.

ಹಾಗೆಂದು ಇದು ಎಲ್ಲರ ಊಟ ಎಂದುಕೊಳ್ಳಲು ಬಿಡಬೇಡಿ, ಇದು ಸುಲ್ತಾನನ ಪಂಕ್ತಿ. ಬಡಿಸುತ್ತಿದ್ದವಳು ದಾಸಿ. ಅವಳು ಏನು ಉಂಡಳು, ಯಾವಾಗ ಉಂಡಳು ಎಂದು ಬತೂತ ಬರೆದಿಲ್ಲ. ಅವಳ ಊಟವನ್ನು ಮಕ್ಕಳೇ ಊಹಿಸಿ ನಾಲ್ಕು ಸಾಲು ಬರೆಯಲಿ. ಹೊನ್ನಾವರದಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆ ಕಂಡೆ ಎಂದೂ ಅವನು ಬರೆದಿದ್ದಾನೆ, ಅದನ್ನೂ ಹೇಳಿ.

ಎರಡನೆಯ ಚಟುವಟಿಕೆ ಮೆಣಸಿನ ಹೇರು. ಘಟ್ಟದ ಮೇಲಿನ ತೋಟದ ಮೆಣಸು ಎತ್ತಿನ ಬೆನ್ನೇರಿ ಘಟ್ಟ ಇಳಿದು ಹೊನ್ನಾವರ, ಭಟ್ಕಳ, ಮಿರ್ಜಾನದ ಬಂದರು ಸೇರುತ್ತಿತ್ತು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದದ್ದು ಈ ವ್ಯಾಪಾರದಿಂದಲೇ. ಚೀಟಿ ಎತ್ತಿಸಿ ತೋಟಿಗ, ಹೇರಿನವ, ಸುಂಕದವ, ದೋಣಿಯವ, ವರ್ತಕ ಎಂದು ಪಾತ್ರ ಹಂಚಿ. ಮೆಣಸಿನ ಬದಲು ಹುಣಸೆಬೀಜ ಸಾಕು. ದಾರಿಯ ಪ್ರತಿ ಸುಂಕದ ಕಟ್ಟೆಯಲ್ಲೂ ಒಂದು ಮುಷ್ಟಿ ಕಡಿಮೆಯಾಗಲಿ. ಶಿರಸಿಯಿಂದ ಕುಮಟೆಗೆ ಸುಮಾರು 60 ಕಿ.ಮೀ.; ಎತ್ತು ದಿನಕ್ಕೆ 15 ಕಿ.ಮೀ. ನಡೆಯಿತು ಎಂದಿಟ್ಟುಕೊಂಡರೆ ಎಷ್ಟು ದಿನ, ಆ ದಿನಗಳ ಹುಲ್ಲು ನೀರು ಯಾರ ಲೆಕ್ಕ? ಗಣಿತವೂ ಆಯಿತು. ರಾಜನಿಗೂ ಒಂದು ಚೀಟಿ ಇಡಿ. ನನ್ನ ತರಗತಿಯ ರಾಜ ಹತ್ತು ನಿಮಿಷ ಸುಮ್ಮನೆ ಕೂತು ಬೇಜಾರಾಗಿ, “ನಾ ಸುಂಕದವ ಆಗ್ತೆ ಸರ್” ಎಂದು ಎದ್ದು ಬಂದಿದ್ದ.

ಒಂದು ಎಚ್ಚರಿಕೆ. ಪಾತ್ರ ಹಂಚುವಾಗ ಮಗುವಿನ ಜಾತಿ, ಮನೆತನದ ಕಸುಬು ಹತ್ತಿರ ಸುಳಿಯಬಾರದು. ಚೀಟಿ ಎಂದರೆ ಚೀಟಿ.

ಊರಲ್ಲಿ ವೀರಗಲ್ಲು ಇದ್ದರೆ ಕರೆದೊಯ್ಯಿರಿ. ಕೆಳಗಿನಿಂದ ಮೇಲಕ್ಕೆ ಓದುವುದನ್ನು ಕಲಿಸಿ: ಕೆಳಗೆ ಕಾದಾಟ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ದೇವರ ಸನ್ನಿಧಿ, ತುದಿಗೆ ಸೂರ್ಯಚಂದ್ರ. ಅಕ್ಷರ ಎದ್ದು ಕಾಣಲೆಂದು ಚಾಕ್‌ಪೀಸ್ ತಿಕ್ಕುವುದು, ಎಣ್ಣೆ ಹಚ್ಚುವುದು ಬೇಡವೇ ಬೇಡ. ಪಕ್ಕದಲ್ಲಿ ಬಳೆ ತೊಟ್ಟ ಕೈ ಎತ್ತಿದ ಮಾಸ್ತಿಕಲ್ಲಿದ್ದರೆ ಮಕ್ಕಳು ಕೇಳುತ್ತಾರೆ. ಗಂಡ ಸತ್ತ ಮೇಲೆ ಪ್ರಾಣ ಬಿಟ್ಟ ಹೆಂಗಸಿನ ಕಲ್ಲು ಎಂದು ನೇರವಾಗಿ ಹೇಳಿ. ವೈಭವೀಕರಿಸಬೇಡಿ, ಅಭಿನಯವಂತೂ ಮಾಡಿಸಲೇಬೇಡಿ.

ಸಮಯ ಉಳಿದರೆ ಶಾಲೆಯ ಅಂಗಳಕ್ಕೊಂದು ದಾನಶಾಸನ ಬರೆಸಿ. ಮೂಡಲಿಗೆ ಯಾವ ಮರ, ಪಡುವಲಿಗೆ ಯಾವ ಬಾವಿ ಎಂದು ಎಲ್ಲೆ ಹೇಳಬೇಕು, ಕೊನೆಯಲ್ಲಿ ಶಾಪ ಇರಬೇಕು. ದಾನದ ಭೂಮಿ ಕಸಿದವನು 60 ಸಾವಿರ ವರ್ಷ ಮಲದಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂಬ ಶ್ಲೋಕ ಎಷ್ಟೋ ನಿಜವಾದ ಶಾಸನಗಳಲ್ಲೇ ಇದೆ. ಈ ಭಾಗ ಬರೆಯಲು ಯಾರಿಗೂ ಒತ್ತಾಯ ಮಾಡಬೇಕಾಗಿಲ್ಲ.

ಪ್ರಶ್ನೆ: ಮಗನಿಗೆ ಮಧ್ಯಯುಗದ ಕೋಟೆಯ ಮಾದರಿ ಮಾಡಬೇಕಾಗಿದೆ. ನೆಟ್‌ನಲ್ಲಿ ಸಿಗುವುದೆಲ್ಲ ಯುರೋಪಿನದು. ನಮ್ಮ ಕಾರವಾರದ ಸದಾಶಿವಗಡ ಮಾಡಬಹುದೇ?

ಉತ್ತರ: ಮಾಡಬಹುದು, ಆದರೆ ಅದು ಸೋದೆ ಅರಸರ ಕಾಲದ್ದು, ಮಧ್ಯಯುಗ ದಾಟಿದ ಮೇಲಿನದು. ಮಿರ್ಜಾನ ಕೋಟೆ ಪಾಠಕ್ಕೆ ಹೆಚ್ಚು ಹತ್ತಿರ. ಒಂದು ಭಾನುವಾರ ಮಗನನ್ನು ಕರೆದೊಯ್ದು ಕಂದಕ, ಬುರುಜು, ಬಾವಿ ತೋರಿಸಿ. ಗೋಡೆ ಕೆಂಪು ಚಿರೇಕಲ್ಲಿನದು, ಥರ್ಮಾಕೋಲ್ ಬಿಟ್ಟು ಅಂಗಳದ ಕೆಮ್ಮಣ್ಣಿನಲ್ಲೇ ಕಟ್ಟಲಿ.